ಟ್ರ್ಯಾಕ್ಟರಿನ ಪವರ್ ಸ್ಟೀರಿಂಗ್ ಪಂಪಿನ ಸೋರಿಕೆ: ಮನೆಯಲ್ಲಿಯೇ ಸರಿಪಡಿಸುವ ಬಗೆ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರಿಗೆ ಬಿಡುವಿನ ದಿನಗಳು ಕಡಿಮೆ. ಮೃಗಶಿರಾ ಮಳೆ ಬಿದ್ದೊಡನೆ ಸೋಯಾ ಅವರೆ, ಉದ್ದು, ಹೆಸರು, ತೊಗರಿಗಳ ಬಿತ್ತನೆ ಪ್ರಾರಂಭವಾಗುತ್ತದೆ. ಮುಂಗಾರಿ ಬೆಳೆ ಬಂದ ಕೂಡಲೆ ಕಡಲೆ ಮತ್ತು ಹಿಂಗಾರಿ ಜೋಳಕ್ಕಾಗಿ ಹೊಲ ಹದ ಮಾಡಬೇಕು. ದೀಪಾವಳಿಯ ಸುಮಾರಿಗೆ ಕಬ್ಬಿನ ಸಾಗಣೆ ಮೊದಲಾದರೆ ಬೇಸಿಗೆಯ ತನಕ ಟ್ರಾಲಿ ಬಿಚ್ಚುವ ಮಾತಿಲ್ಲ. ಇಂತಹ ದಿನಗಳಲ್ಲಿ ಟ್ರ್ಯಾಕ್ಟರಿನ ಕೆಳಗೆ ನಾಲ್ಕು ಹನಿ ಎಣ್ಣೆ ಕಂಡರೆ "ನಾಳೆ ನೋಡಿದರಾಯಿತು" ಎಂದು ಮುಂದೂಡುವುದು ಸಾಮಾನ್ಯ. ಆದರೆ ಆ ಎಣ್ಣೆ ಪವರ್ ಸ್ಟೀರಿಂಗಿನದಾಗಿದ್ದರೆ ಮುಂದೂಡುವುದು ಅಪಾಯಕರ.

ಈ ಸೋರಿಕೆಗಳಲ್ಲಿ ಹೆಚ್ಚಿನವು ಸಣ್ಣ ವಾಶರು, ಕ್ಲಿಪ್ಪು ಅಥವಾ ರಬ್ಬರ್ ಸೀಲಿನ ದೋಷದಿಂದ ಉಂಟಾಗುತ್ತವೆ. ಪಾನಾ ಹಿಡಿದು ರೂಢಿಯಿರುವ ರೈತರು ಶುಚಿತ್ವ ಮತ್ತು ತಾಳ್ಮೆಯಿಂದ ಮನೆಯಲ್ಲಿಯೇ ಇವನ್ನು ಸರಿಪಡಿಸಿಕೊಳ್ಳಬಹುದು. ಹೇಗೆ ಮಾಡಬೇಕು, ಎಲ್ಲಿ ಕೈ ನಿಲ್ಲಿಸಿ ಮಿಸ್ತ್ರಿಯನ್ನು ಕರೆಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪವರ್ ಸ್ಟೀರಿಂಗ್ ಕೆಲಸ ಮಾಡುವ ರೀತಿ

ಎಣ್ಣೆಯ ಒತ್ತಡದ ಬಲದಿಂದ ಚಕ್ರ ತಿರುಗಿಸುವ ಏರ್ಪಾಡನ್ನು ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು ೧೯೨೬ರಲ್ಲಿ ಮೋಟಾರು ವಾಹನಕ್ಕೆ ಅಳವಡಿಸಿ ತೋರಿಸಿದರು. ೧೯೫೧ರಲ್ಲಿ ಅದು ಕಾರುಗಳಲ್ಲಿ ಮಾರಾಟಕ್ಕೆ ಬಂದಿತು. ನಮ್ಮ ಹಳೆಯ ಟ್ರ್ಯಾಕ್ಟರುಗಳಲ್ಲಿ ಗೇರು ಪೆಟ್ಟಿಗೆಯ ಸ್ಟೀರಿಂಗ್ ಮಾತ್ರ ಇರುತ್ತಿತ್ತು. ಹಸಿ ಎರೆಭೂಮಿಯಲ್ಲಿ ಅದನ್ನು ತಿರುಗಿಸಲು ತೋಳಿನ ಬಲವೆಲ್ಲ ಬೇಕಾಗುತ್ತಿತ್ತು. ಈಗಿನ ಅನೇಕ ಟ್ರ್ಯಾಕ್ಟರುಗಳು ಪವರ್ ಸ್ಟೀರಿಂಗ್ ಹೊಂದಿವೆ.

ಇದರಲ್ಲಿ ಐದು ಮುಖ್ಯ ಭಾಗಗಳಿವೆ. ಎಣ್ಣೆಯ ಡಬ್ಬಿ, ಎಂಜಿನ್ನಿನಿಂದ ತಿರುಗುವ ಪಂಪು, ಸ್ಟೀರಿಂಗ್ ಚಕ್ರದ ಕೆಳಗಿರುವ ಹತೋಟಿ ಪೆಟ್ಟಿಗೆ, ಮುಂಗಾಲಿಗಳನ್ನು ತಳ್ಳುವ ಸಿಲಿಂಡರು, ಇವೆಲ್ಲವನ್ನು ಕೂಡಿಸುವ ಪೈಪುಗಳು. ಪಂಪು ಡಬ್ಬಿಯಿಂದ ಎಣ್ಣೆ ಎಳೆದು ಹತೋಟಿ ಪೆಟ್ಟಿಗೆಗೆ ಕಳಿಸುತ್ತದೆ. ನಾವು ಚಕ್ರ ತಿರುಗಿಸಿದಂತೆ ಆ ಪೆಟ್ಟಿಗೆಯು ಎಣ್ಣೆಯನ್ನು ಅಳೆದು ಸಿಲಿಂಡರಿನ ಎಡಕ್ಕೋ ಬಲಕ್ಕೋ ಬಿಡುತ್ತದೆ. ಉಳಿದ ಎಣ್ಣೆ ಡಬ್ಬಿಗೆ ಮರಳುತ್ತದೆ.

ಟ್ರ್ಯಾಕ್ಟರಿನ ಪಂಪು ಸಾಮಾನ್ಯವಾಗಿ ಎರಡು ಹಲ್ಲುಗಾಲಿಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುವ ಗೇರು ಪಂಪು. ಇದನ್ನು ಎಂಜಿನ್ನಿನ ಟೈಮಿಂಗ್ ಗೇರಿನ ಮುಚ್ಚಳಕ್ಕೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಕೆಲವು ಯಂತ್ರಗಳಲ್ಲಿ ಬೆಲ್ಟಿನಿಂದ ತಿರುಗುವ ಪಂಪೂ ಉಂಟು. ಪಂಪಿನ ಶಾಫ್ಟು ಹೊರಗೆ ಬರುವ ಕಡೆ ಎಣ್ಣೆ ತಡೆಯಲು ಆಯಿಲ್ ಸೀಲು, ಪಂಪಿನ ಭಾಗಗಳು ಕೂಡುವ ಕಡೆ ರಬ್ಬರ್ ಉಂಗುರಗಳು ಇರುತ್ತವೆ. ಬಿಸಿ ಮತ್ತು ಧೂಳಿನಿಂದ ಈ ರಬ್ಬರು ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ಆಗ ಸೋರಿಕೆ ಆರಂಭವಾಗುತ್ತದೆ.

ಸೋರಿಕೆಯನ್ನು ಕಡೆಗಣಿಸಿದರೆ

ಸೆಕೆಂಡಿಗೆ ಒಂದು ಹನಿ ಬೀಳುತ್ತಿದೆ ಎಂದು ಇಟ್ಟುಕೊಳ್ಳೋಣ. ಗಂಟೆಗೆ ೩,೬೦೦ ಹನಿಗಳಾದವು. ಸುಮಾರು ೨೦ ಹನಿಗೆ ಒಂದು ಮಿಲಿಲೀಟರಿನಂತೆ ಲೆಕ್ಕ ಹಾಕಿದರೆ ಗಂಟೆಗೆ ೧೮೦ ಮಿಲಿಲೀಟರು, ಎಂಟು ಗಂಟೆಯ ದುಡಿಮೆಯಲ್ಲಿ ೧,೪೪೦ ಮಿಲಿಲೀಟರು, ಅಂದರೆ ಸುಮಾರು ಒಂದೂವರೆ ಲೀಟರು. ಸ್ಟೀರಿಂಗಿಗೆ ಬೇರೆ ಡಬ್ಬಿ ಇರುವ ಅನೇಕ ಟ್ರ್ಯಾಕ್ಟರುಗಳಲ್ಲಿ ಡಬ್ಬಿ ಹಿಡಿಯುವುದೇ ಒಂದೆರಡು ಲೀಟರು. ಬೆಳಿಗ್ಗೆ ತುಂಬಿದ್ದ ಡಬ್ಬಿ ಸಂಜೆಗೆ ಬರಿದಾಗಬಹುದು.

ಡಬ್ಬಿ ಬರಿದಾದರೆ ಏನಾಗುತ್ತದೆ? ಮೊದಲು ಪಂಪು ಗಾಳಿ ಎಳೆದು ಕಿರುಗುಟ್ಟುತ್ತದೆ. ಗೇರುಗಳಿಗೆ ಜಾರೆಣ್ಣೆಯೂ ಇದೇ ಆಗಿರುವುದರಿಂದ ಒಣಗಿ ತಿರುಗಿದ ಪಂಪು ಕೆಲವೇ ನಿಮಿಷಗಳಲ್ಲಿ ತರಚಿ ಕೆಡುತ್ತದೆ. ಕಡಿಮೆ ಬೆಲೆಯ ಸೀಲಿನಿಂದ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ಪಂಪೇ ಬೇಕಾಗುತ್ತದೆ.

ಇದಕ್ಕಿಂತ ದೊಡ್ಡದು ಜೀವದ ಅಪಾಯ. ಈಗಿನ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಸ್ಟೀರಿಂಗ್ ಚಕ್ರಕ್ಕೂ ಮುಂಗಾಲಿಗಳಿಗೂ ನಡುವೆ ಕಬ್ಬಿಣದ ಸರಳಿನ ಸಂಬಂಧವಿಲ್ಲ. ನಡುವೆ ಇರುವುದು ಎಣ್ಣೆ ಮಾತ್ರ. ಎಂಜಿನ್ ನಿಂತರೆ ಅಥವಾ ಪಂಪು ಕೆಟ್ಟರೆ ಪೈಪಿನಲ್ಲಿರುವ ಎಣ್ಣೆಯನ್ನೇ ಕೈಬಲದಿಂದ ತಳ್ಳಿ, ಕಷ್ಟಪಟ್ಟಾದರೂ ಗಾಡಿಯನ್ನು ಬದಿಗೆ ತರಬಹುದು. ಎಣ್ಣೆಯೇ ಹೋದರೆ ಚಕ್ರ ಸುಮ್ಮನೆ ತಿರುಗುತ್ತದೆ, ಗಾಲಿ ತಿರುಗುವುದಿಲ್ಲ. ಕಬ್ಬು ತುಂಬಿದ ಎರಡು ಟ್ರಾಲಿಗಳೊಂದಿಗೆ ಪುಣೆ–ಹೈದರಾಬಾದ ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಹೀಗಾದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಆದುದರಿಂದ ಸ್ಟೀರಿಂಗ್ ಎಣ್ಣೆ ಸೋರುತ್ತಿರುವ ಟ್ರ್ಯಾಕ್ಟರನ್ನು ರಿಪೇರಿಯಾಗುವ ತನಕ ಹೇರಿನೊಂದಿಗೆ ರಸ್ತೆಗೆ ತರಕೂಡದು.

ಸೋರುವ ಜಾಗವನ್ನು ಕಂಡುಹಿಡಿಯುವುದು

ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಮೇಲಿನ ಪೈಪಿನಿಂದ ಜಿನುಗಿದ ಎಣ್ಣೆ ಪಂಪಿನ ಮೈಮೇಲೆ ಹರಿದು ಅದರ ಬುಡದಿಂದ ತೊಟ್ಟಿಕ್ಕುತ್ತದೆ. ಇದನ್ನು ನೋಡಿ ಒಳ್ಳೆಯ ಪಂಪನ್ನು ಬಿಚ್ಚಿದವರಿದ್ದಾರೆ. ಕೆಳಗಿನ ಕ್ರಮದಲ್ಲಿ ಪರೀಕ್ಷಿಸಿರಿ.

೧. ಎಣ್ಣೆ ಯಾವುದೆಂದು ಗುರುತಿಸಿರಿ. ಹನಿ ಬೀಳುವ ಕಡೆ ಬಿಳಿ ಕಾಗದ ಹಾಸಿರಿ. ಕಪ್ಪಾಗಿದ್ದರೆ ಬಹುಶಃ ಎಂಜಿನ್ ಎಣ್ಣೆ, ವಾಸನೆಯಿಂದ ಡೀಸೆಲ್ ತಿಳಿಯುತ್ತದೆ, ಜಿಡ್ಡಿಲ್ಲದಿದ್ದರೆ ರೇಡಿಯೇಟರಿನ ನೀರು. ಸ್ಟೀರಿಂಗ್ ಎಣ್ಣೆ ಡಬ್ಬಿಯಲ್ಲಿರುವ ಎಣ್ಣೆಯ ಬಣ್ಣದ್ದೇ ಆಗಿರುತ್ತದೆ. ಕೆಲವು ತಯಾರಿಕೆಗಳಲ್ಲಿ ಕೆಂಪು, ಕೆಲವುಗಳಲ್ಲಿ ಜೇನಿನ ಬಣ್ಣ.

೨. ಎಂಜಿನ್ ತಣಿದ ಮೇಲೆ ಪಂಪು ಮತ್ತು ಪೈಪುಗಳನ್ನು ಡೀಸೆಲ್ ಮತ್ತು ಬ್ರಶ್ಶಿನಿಂದ ತೊಳೆದು ಪೂರ್ತಿ ಒಣಗಿಸಿರಿ. ಬಳಿಕ ಟಾಲ್ಕಂ ಪೌಡರನ್ನಾಗಲಿ ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನಾಗಲಿ ತೆಳ್ಳಗೆ ಉದುರಿಸಿರಿ.

೩. ಎಂಜಿನ್ ಚಾಲೂ ಮಾಡಿ, ಒಬ್ಬರು ಸೀಟಿನಲ್ಲಿ ಕುಳಿತು ಸ್ಟೀರಿಂಗನ್ನು ಹತ್ತು ನಿಮಿಷ ಎಡಬಲಕ್ಕೆ ತಿರುಗಿಸಲಿ. ಎಂಜಿನ್ ನಿಲ್ಲಿಸಿ ನೋಡಿದರೆ ಸೋರಿದ ಜಾಗದಿಂದ ಪುಡಿಯ ಮೇಲೆ ಒದ್ದೆ ಗೆರೆ ಮೂಡಿರುತ್ತದೆ. ಗೆರೆಯ ಮೇಲಿನ ತುದಿಯೇ ಸೋರಿಕೆಯ ಮೂಲ.

೪. ಹೊರಗೆ ಹನಿಯೇ ಇಲ್ಲದೆ ಡಬ್ಬಿಯ ಎಣ್ಣೆ ಇಳಿಯುತ್ತಿದ್ದರೆ ಎಂಜಿನ್ನಿನ ಅಳತೆ ಕಡ್ಡಿ ತೆಗೆದು ನೋಡಿರಿ. ಟೈಮಿಂಗ್ ಮುಚ್ಚಳಕ್ಕೆ ಕೂಡಿರುವ ಪಂಪಿನ ಶಾಫ್ಟ್ ಸೀಲು ಹೋದರೆ ಎಣ್ಣೆ ನೆಲಕ್ಕೆ ಬೀಳದೆ ಎಂಜಿನ್ನಿನೊಳಗೆ ಇಳಿಯುತ್ತದೆ. ಕಡ್ಡಿಯ ಮೇಲೆ ಎಣ್ಣೆಯ ಮಟ್ಟ ಏರಿದ್ದು, ಡೀಸೆಲ್ ವಾಸನೆ ಇಲ್ಲದಿದ್ದರೆ ಈ ಸೀಲಿನ ಮೇಲೆಯೇ ಸಂಶಯಪಡಬೇಕು. ರಿಪೇರಿಯ ನಂತರ ಎಂಜಿನ್ ಎಣ್ಣೆಯನ್ನೂ ಬದಲಿಸಬೇಕು.

೫. ಡಬ್ಬಿಯಲ್ಲಿ ನೊರೆ, ಪಂಪಿನಲ್ಲಿ ಕೀರಲು ಸದ್ದು ಇದ್ದರೆ ಡಬ್ಬಿಯಿಂದ ಪಂಪಿಗೆ ಬರುವ ಪೈಪನ್ನು ನೋಡಿರಿ. ಇದರಲ್ಲಿ ಒತ್ತಡವಿಲ್ಲ, ಎಳೆತವಿದೆ. ಆದುದರಿಂದ ಇಲ್ಲಿಯ ಸಂದಿಯಿಂದ ಎಣ್ಣೆ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು.

ಎಚ್ಚರಿಕೆ

ಒತ್ತಡದ ಪೈಪಿನಲ್ಲಿ ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ೧೦೦ ಕಿಲೋಗ್ರಾಂ ಮೀರಬಹುದು. ಸೂಜಿಮೊನೆಯಷ್ಟು ತೂತಿನಿಂದ ಹೊರಬೀಳುವ ಎಣ್ಣೆ ಕಣ್ಣಿಗೆ ಕಾಣದೆಯೇ ಚರ್ಮ ತೂರಿ ಒಳಹೋಗುತ್ತದೆ. ಆದುದರಿಂದ ಎಂಜಿನ್ ಚಾಲೂ ಇರುವಾಗ ಸೋರಿಕೆಯನ್ನು ಕೈಯಿಂದ ತಡವಿ ಹುಡುಕಲೇಬಾರದು. ರಟ್ಟಿನ ತುಂಡನ್ನು ಉದ್ದನೆಯ ಕೋಲಿಗೆ ಕಟ್ಟಿ ಪೈಪಿನ ಉದ್ದಕ್ಕೂ ಹಿಡಿದರೆ ಒದ್ದೆಯಾದ ಕಡೆ ತೂತು ಇರುತ್ತದೆ. ಎಣ್ಣೆ ಚರ್ಮದೊಳಗೆ ಹೊಕ್ಕರೆ ಮೊದಲು ಸೂಜಿ ಚುಚ್ಚಿದಷ್ಟೇ ನೋವಿರುತ್ತದೆ. ಕೆಲವು ಗಂಟೆಗಳಲ್ಲಿ ಕೈ ಊದಿ, ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಮನೆ ಮದ್ದು ಮಾಡದೆ, ಗಾಯ ಹಿಂಡದೆ, ತಕ್ಷಣ ಬೀದರ ಇಲ್ಲವೆ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗಿ "ಒತ್ತಡದ ಎಣ್ಣೆ ಹೊಕ್ಕಿದೆ" ಎಂದು ವೈದ್ಯರಿಗೆ ತಿಳಿಸಬೇಕು.

ಪೈಪು ಬಿಚ್ಚುವ ಮುಂಚೆ ಎಂಜಿನ್ ನಿಲ್ಲಿಸಿ ಕೀಲಿ ತೆಗೆದಿಡಿರಿ. ಹ್ಯಾಂಡ್ ಬ್ರೇಕ್ ಹಾಕಿ ಹಿಂದಿನ ಗಾಲಿಗಳಿಗೆ ಅಡ್ಡ ಕೊಡಿರಿ. ಸ್ಟೀರಿಂಗನ್ನು ನಾಲ್ಕಾರು ಸಲ ಎಡಬಲಕ್ಕೆ ತಿರುಗಿಸಿದರೆ ಉಳಿದ ಒತ್ತಡ ಇಳಿಯುತ್ತದೆ. ಬಿಸಿ ಎಣ್ಣೆ ಮೈ ಸುಡುವುದರಿಂದ ಪೂರ್ತಿ ತಣಿಯಲು ಬಿಡಿರಿ. ಗ್ಯಾರಂಟಿ ಅವಧಿಯೊಳಗಿನ ಟ್ರ್ಯಾಕ್ಟರಾದರೆ ಪಂಪಿಗೆ ಕೈ ಹಚ್ಚದೆ ಮಾರಾಟಗಾರರಲ್ಲಿಗೆ ಒಯ್ಯುವುದು ಲೇಸು.

ಬೇಕಾಗುವ ಸಾಮಾನುಗಳು

ಸರಿಯಳತೆಯ ಪಾನಾಗಳು, ಸರ್ಕ್ಲಿಪ್ ಇಕ್ಕಳ, ಸ್ಕ್ರೂ ಡ್ರೈವರು, ಮರದ ಸುತ್ತಿಗೆ, ಸ್ವಚ್ಛ ತಟ್ಟೆ, ಎಣ್ಣೆ ಹಿಡಿಯುವ ಪಾತ್ರೆ, ನೂಲು ಬಿಡದ ಬಟ್ಟೆ, ಡೀಸೆಲ್, ಪೈಪಿನ ಬಾಯಿ ಕಟ್ಟಲು ಪಾಲಿಥೀನ್ ಚೀಲಗಳು, ತಾಮ್ರದ ಹೊಸ ವಾಶರುಗಳು, ಪಂಪಿನ ಸೀಲ್ ಕಿಟ್ ಮತ್ತು ಕೈಪಿಡಿಯಲ್ಲಿ ಹೇಳಿದ ಎಣ್ಣೆ. ಸೀಲು ಕೊಳ್ಳುವಾಗ ಟ್ರ್ಯಾಕ್ಟರಿನ ಮಾದರಿಯನ್ನೂ ಪಂಪಿನ ಮೇಲಿನ ನಂಬರನ್ನೂ ಬರೆದುಕೊಂಡು ಹೋಗಿರಿ. ಸೀಲಿನ ಮೇಲೆ ೨೦–೩೫–೭ ಎಂದು ಇದ್ದರೆ ಒಳಸುತ್ತಳತೆಯ ಅಡ್ಡಗಲ ೨೦, ಹೊರ ಅಡ್ಡಗಲ ೩೫, ದಪ್ಪ ೭ ಮಿಲಿಮೀಟರು ಎಂದು ಅರ್ಥ. ಅಳತೆ ಒಂದೇ ಆದರೂ ಒತ್ತಡ ತಡೆಯದ ಸಾದಾ ಸೀಲು ಇಲ್ಲಿ ಬಾಳುವುದಿಲ್ಲ. ಪಂಪಿಗೆಂದೇ ಮಾಡಿದ ಸೀಲನ್ನು ಕೇಳಿ ಪಡೆಯಿರಿ.

ಮೊದಲು ಸುಲಭದ ರಿಪೇರಿಗಳು

ಎಳೆಯುವ ಪೈಪಿನ ಮತ್ತು ಮರಳುವ ಪೈಪಿನ ಕ್ಲಿಪ್ಪುಗಳು ಸಡಿಲಾಗಿದ್ದರೆ ಬಿಗಿ ಮಾಡಿರಿ. ಪೈಪಿನ ತುದಿ ಬಿರಿದಿದ್ದು ಉದ್ದ ಸಾಕಷ್ಟಿದ್ದರೆ, ಬಿರಿದ ಭಾಗ ಕತ್ತರಿಸಿ ಮತ್ತೆ ಕೂಡಿಸಬಹುದು.

ಒತ್ತಡದ ಪೈಪಿನ ತುದಿಯಲ್ಲಿ ತೂತಿನ ಬೋಲ್ಟು ಇದ್ದರೆ ಅದರ ಎರಡೂ ಬದಿಗೆ ತಾಮ್ರದ ವಾಶರುಗಳಿರುತ್ತವೆ. ಒಂದನ್ನಷ್ಟೇ ಬದಲಿಸಿದರೆ ಇನ್ನೊಂದು ಸೋರುತ್ತದೆ, ಎರಡನ್ನೂ ಬದಲಿಸಿರಿ. ಹೊಸದು ಸಿಗದ ಸಮಯದಲ್ಲಿ ಹಳೆಯ ವಾಶರನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ತಾಮ್ರ ಮೆದುವಾಗಿ ಮತ್ತೊಮ್ಮೆ ಕೂರುತ್ತದೆ. ಬೋಲ್ಟನ್ನು ಅತಿಯಾಗಿ ಬಿಗಿದರೆ ಪಂಪಿನ ಅಲ್ಯುಮಿನಿಯಂ ಮರೆಗಳು ಹಾರಿಹೋಗುತ್ತವೆ.

ಒತ್ತಡದ ಪೈಪಿನ ಮೈಯೇ ಸೋರುತ್ತಿದ್ದರೆ ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಟ್ಯೂಬಿನ ಪಟ್ಟಿ, ತಂತಿ, ಅಂಟು ಯಾವುದೂ ನಿಲ್ಲುವುದಿಲ್ಲ. ಹಳೆಯ ಪೈಪನ್ನು ಮಾದರಿಗೆ ಒಯ್ದು, ಹೈಡ್ರಾಲಿಕ್ ಪೈಪಿಗೆ ತುದಿ ಒತ್ತಿಕೊಡುವ ಅಂಗಡಿಯಲ್ಲಿ ಹೊಸದನ್ನು ಮಾಡಿಸಿರಿ.

ಪಂಪಿನ ಶಾಫ್ಟ್ ಸೀಲು ಬದಲಿಸುವ ಕ್ರಮ

೧. ಗಾಳಿ ಬೀಸದ, ರಾಶಿ ಮಾಡುವ ಕಣದಿಂದ ದೂರದ ಜಾಗದಲ್ಲಿ ಕೆಲಸ ಮಾಡಿರಿ. ಒಂದು ಚಿಟಿಕೆ ಮಣ್ಣು ಒಳಗೆ ಹೋದರೂ ಪಂಪು ಕೆಡುತ್ತದೆ.

೨. ಡಬ್ಬಿಯ ಎಣ್ಣೆ ತೆಗೆಯಿರಿ. ಪೈಪುಗಳನ್ನು ಬಿಚ್ಚಿ, ಬಾಯಿಗೆ ಪಾಲಿಥೀನ್ ಕಟ್ಟಿರಿ. ಚಿಂದಿ ತುರುಕಬೇಡಿರಿ, ನೂಲು ಒಳಗೆ ಉಳಿಯುತ್ತದೆ. ಯಾವ ಪೈಪು ಎಲ್ಲಿಯದೆಂದು ಗುರುತು ಹಾಕಿರಿ. ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

೩. ಪಂಪಿನ ಬೋಲ್ಟುಗಳನ್ನು ಬಿಚ್ಚಿ ಪಂಪನ್ನು ನೇರವಾಗಿ ಹೊರಗೆಳೆಯಿರಿ. ಶಾಫ್ಟಿನ ತುದಿಯಲ್ಲಿ ಕೂಡಿಸುವ ಬಿಲ್ಲೆ ಇದ್ದರೆ ಅದು ಟೈಮಿಂಗ್ ಪೆಟ್ಟಿಗೆಯೊಳಗೆ ಬೀಳದಂತೆ ನೋಡಿಕೊಳ್ಳಿರಿ. ಗೇರು ಅಥವಾ ಪುಲ್ಲಿ ಇದ್ದರೆ ಪುಲ್ಲರಿನಿಂದಲೇ ತೆಗೆಯಬೇಕು. ಸುತ್ತಿಗೆಯಿಂದ ಶಾಫ್ಟಿಗೆ ಬಡಿದರೆ ಒಳಗಿನ ಬುಶ್ಶು ಒಡೆಯುತ್ತದೆ.

೪. ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿರಿ. ಆಟ ಕೈಗೆ ಸ್ಪಷ್ಟವಾಗಿ ತಿಳಿದರೆ ಬುಶ್ಶು ಸವೆದಿದೆ. ಹೊಸ ಸೀಲು ಹಾಕಿದರೂ ಕೆಲವು ದಿನಗಳಲ್ಲಿ ಮತ್ತೆ ಸೋರುತ್ತದೆ. ಇಂತಹ ಪಂಪನ್ನು ಬದಲಿಸುವುದೇ ಸರಿ.

೫. ಸರ್ಕ್ಲಿಪ್ ತೆಗೆಯಿರಿ. ಹಳೆಯ ಸೀಲಿನ ಬಾಯಿ ಯಾವ ಕಡೆಗಿದೆ ಎಂದು ಚೆನ್ನಾಗಿ ನೋಡಿಕೊಂಡು, ಸೀಲು ಕೂತ ಗೋಡೆಗೆ ಗೀರು ಬೀಳದಂತೆ ಮೀಟಿ ತೆಗೆಯಿರಿ. ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗೆ ಇರುವುದು ಸಾಮಾನ್ಯ ನಿಯಮ. ಕೆಲವು ಪಂಪುಗಳಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸೀಲುಗಳಿರುತ್ತವೆ; ಒಳಗಿನದು ಪಂಪಿನ ಎಣ್ಣೆಯನ್ನೂ ಹೊರಗಿನದು ಎಂಜಿನ್ ಎಣ್ಣೆಯನ್ನೂ ತಡೆಯುತ್ತವೆ. ಎರಡನ್ನೂ ಬದಲಿಸಿರಿ.

೬. ಸೀಲು ತಾಗುವ ಕಡೆ ಶಾಫ್ಟಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲು ಬಾಳದು.

೭. ಹೊಸ ಸೀಲನ್ನು ಅದೇ ಎಣ್ಣೆಯಲ್ಲಿ ಅದ್ದಿರಿ. ಶಾಫ್ಟಿನ ಚಾವಿ ಗಾಡಿಯ ಅಂಚು ಸೀಲಿನ ತುಟಿ ಕೊಯ್ಯದಂತೆ ಶಾಫ್ಟಿಗೆ ತೆಳುವಾದ ಪಾಲಿಥೀನ್ ಸುತ್ತಿ, ಅದರ ಮೇಲಿಂದ ಸೀಲನ್ನು ಇಳಿಸಿರಿ. ಸೀಲಿನ ಹೊರ ಅಂಚಿನಷ್ಟೇ ಅಗಲದ ಪೈಪಿನ ತುಂಡಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ, ಸಮನಾಗಿ ಕೂರಿಸಿರಿ. ಪಾಲಿಥೀನ್ ತೆಗೆದು ಸರ್ಕ್ಲಿಪ್ ಹಾಕಿರಿ.

೮. ಪಂಪು ಕೂಡುವ ಮುಖವನ್ನು ಒರೆಸಿ ಹೊಸ ಉಂಗುರ ಅಥವಾ ಪ್ಯಾಕಿಂಗ್ ಇಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿರಿ. ಪೈಪುಗಳನ್ನು ಗುರುತಿನಂತೆ ಕೂಡಿಸಿರಿ.

ಪಂಪನ್ನೇ ಬದಲಿಸುವುದಾದರೆ ಅದು ತಿರುಗುವ ದಿಕ್ಕಿನ ಬಾಣದ ಗುರುತು ಹಳೆಯದರಂತೆಯೇ ಇದೆಯೇ ಎಂದು ನೋಡಿ ಕೊಳ್ಳಬೇಕು. ದಿಕ್ಕು ತಪ್ಪಿದ ಪಂಪಿನಲ್ಲಿ ಒತ್ತಡ ಎಳೆಯುವ ಬದಿಗೆ ಬಂದು, ಚಾಲೂ ಮಾಡಿದೊಡನೆ ಹೊಸ ಸೀಲು ಹೊರಗೆ ಹಾರುತ್ತದೆ.

ಎಣ್ಣೆ ತುಂಬಿ ಗಾಳಿ ತೆಗೆಯುವುದು

ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿರಿ. ಬೇರೆ ಬೇರೆ ತಯಾರಿಕೆಗಳಿಗೆ ಬೇರೆ ಬೇರೆ ಎಣ್ಣೆ ಇರುವುದರಿಂದ ನೆರೆಯವರ ಟ್ರ್ಯಾಕ್ಟರಿನ ಎಣ್ಣೆ ನಮ್ಮದಕ್ಕೆ ಆಗಲಿಕ್ಕಿಲ್ಲ. ಬ್ರೇಕ್ ಎಣ್ಣೆಯನ್ನು ಮಾತ್ರ ಎಂದಿಗೂ ಹಾಕಬಾರದು. ಅದು ಈ ಸೀಲುಗಳ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಡಬ್ಬಿ ತುಂಬಿದ ಮೇಲೆ ಮುಂದಿನ ಅಚ್ಚನ್ನು ಜಾಕಿನಿಂದ ಎತ್ತಿ ಗಟ್ಟಿಯಾದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿರಿ. ಡೀಸೆಲ್ ನಿಲ್ಲಿಸುವ ಗುಬ್ಬಿಯನ್ನು ಎಳೆದು ಹಿಡಿದು, ಎಂಜಿನ್ ಚಾಲೂ ಆಗದಂತೆ ಸ್ಟಾರ್ಟರನ್ನು ಕೆಲವು ಸೆಕೆಂಡು ತಿರುಗಿಸಿದರೆ ಪಂಪಿಗೆ ಎಣ್ಣೆ ಏರುತ್ತದೆ. ಬಳಿಕ ಎಂಜಿನ್ನನ್ನು ನಿಧಾನ ವೇಗದಲ್ಲಿ ನಡೆಸಿ, ಸ್ಟೀರಿಂಗನ್ನು ಎಡದ ತುದಿಯಿಂದ ಬಲದ ತುದಿಗೆ ಎಂಟು ಹತ್ತು ಸಲ ತಿರುಗಿಸಿರಿ. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿರಿ. ನಡುನಡುವೆ ಎಂಜಿನ್ ನಿಲ್ಲಿಸಿ ಡಬ್ಬಿಯ ಮಟ್ಟ ಸರಿಮಾಡಿರಿ. ಗುಳ್ಳೆ ನಿಂತು ಸ್ಟೀರಿಂಗ್ ಹಗುರವಾಗಿ ಸಮನಾಗಿ ತಿರುಗಿದರೆ ಕೆಲಸ ಮುಗಿಯಿತು. ಹೊಲದಲ್ಲಿ ಬರಿ ಗಾಡಿಯನ್ನು ಅರ್ಧ ಗಂಟೆ ನಡೆಸಿ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ಟ್ರಾಲಿ ಕಟ್ಟಿರಿ.

ಮನೆಯಲ್ಲಿ ಮಾಡಬಾರದ ಕೆಲಸಗಳು

ಒತ್ತಡ ಮಿತಿಗೊಳಿಸುವ ವಾಲ್ವಿನ ಸ್ಕ್ರೂ ತಿರುಗಿಸಕೂಡದು. ಸ್ಟೀರಿಂಗ್ ಭಾರವಾಗಿದೆ ಎಂದು ಒತ್ತಡ ಏರಿಸಿದರೆ ಪೈಪು ಒಡೆಯುತ್ತದೆ, ಪಂಪೂ ಹೋಗುತ್ತದೆ. ಸ್ಟೀರಿಂಗ್ ಚಕ್ರದ ಕೆಳಗಿನ ಹತೋಟಿ ಪೆಟ್ಟಿಗೆಯನ್ನು ಬಿಚ್ಚಬಾರದು. ಅದರ ಒಳಭಾಗಗಳನ್ನು ಒಂದು ಹಲ್ಲು ತಪ್ಪಿಸಿ ಕೂಡಿಸಿದರೂ ಸ್ಟೀರಿಂಗ್ ತಾನೇ ತಿರುಗಿಬಿಡಬಹುದು. ಪಂಪಿನ ಮೈಯನ್ನು ಬಿಚ್ಚಿ ಗೇರುಗಳನ್ನು ತೆಗೆಯುವುದನ್ನೂ ಅನುಭವಿ ಮಿಸ್ತ್ರಿಗೆ ಬಿಡುವುದು ಒಳಿತು.

ಲಕ್ಷಣ ಮತ್ತು ಉಪಾಯ

ಪಂಪಿನ ಮೇಲ್ಭಾಗದಲ್ಲಿ ಒದ್ದೆ: ಪೈಪಿನ ತುದಿಯ ತಾಮ್ರದ ವಾಶರು ಬದಲಿಸಿರಿ.
ಪಂಪಿನ ಭಾಗಗಳ ಕೂಡುಗೆರೆಯಲ್ಲಿ ಒದ್ದೆ: ಒಳಗಿನ ಉಂಗುರ ಕೆಟ್ಟಿದೆ; ಮಿಸ್ತ್ರಿಯಿಂದ ಮಾಡಿಸಿರಿ.
ಡಬ್ಬಿ ಇಳಿಯುತ್ತದೆ, ಎಂಜಿನ್ ಎಣ್ಣೆ ಏರುತ್ತದೆ: ಶಾಫ್ಟ್ ಸೀಲು ಬದಲಿಸಿರಿ.
ನೊರೆ ಮತ್ತು ಕೀರಲು ಸದ್ದು: ಎಳೆಯುವ ಪೈಪಿನ ಕ್ಲಿಪ್ಪು ಬಿಗಿ ಮಾಡಿ, ಎಣ್ಣೆಯ ಮಟ್ಟ ನೋಡಿರಿ.
ಮುಂದಿನ ಅಚ್ಚಿನ ಬಳಿ ಹನಿ: ಸಿಲಿಂಡರಿನ ಸೀಲು, ಪಂಪಿಗೆ ಕೈ ಹಚ್ಚಬೇಡಿರಿ.

ಮತ್ತೆ ಸೋರದಂತೆ

ದಿನವೂ ಎಂಜಿನ್ ಎಣ್ಣೆ ನೋಡುವಾಗಲೇ ಸ್ಟೀರಿಂಗ್ ಎಣ್ಣೆಯನ್ನೂ ನೋಡುವ ರೂಢಿ ಮಾಡಿಕೊಳ್ಳಿರಿ. ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಸುತ್ತಲಿನ ಧೂಳು ಒರೆಸಿರಿ. ಎಣ್ಣೆ ಮತ್ತು ಜಾಲರಿಯನ್ನು ಕೈಪಿಡಿಯಲ್ಲಿ ಹೇಳಿದ ಗಂಟೆಗಳಿಗೆ ತಪ್ಪದೆ ಬದಲಿಸಿರಿ. ಸಿಲಿಂಡರಿನ ಹೊಳೆಯುವ ಸರಳಿಗೆ ಮೆತ್ತಿದ ಎರೆಮಣ್ಣನ್ನು ಒಣಗುವ ಮೊದಲೇ ತೊಳೆಯಿರಿ. ಗಾಡಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸುವುದನ್ನು ಕಡಿಮೆ ಮಾಡಿ, ತುಸು ಚಲಿಸುತ್ತಾ ತಿರುಗಿಸಿರಿ. ವರ್ಷಕ್ಕೆರಡು ಸಲ, ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ಕಬ್ಬಿನ ಹಂಗಾಮಿಗೆ ಮುಂಚೆ ಒಮ್ಮೆ, ಪೈಪು ಮತ್ತು ಸೀಲುಗಳನ್ನೆಲ್ಲ ಪರೀಕ್ಷಿಸಿರಿ.

ತೆಗೆದ ಹಳೆಯ ಎಣ್ಣೆಯನ್ನು ಹೊಲಕ್ಕೆ, ಹಳ್ಳಕ್ಕೆ, ಬಾವಿಯ ಬಳಿಗೆ ಚೆಲ್ಲಬಾರದು. ದನಗಳ ಗಾಯಕ್ಕೂ ಹಚ್ಚಬಾರದು. ಡಬ್ಬದಲ್ಲಿ ಕೂಡಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿರಿ. ನೆಲಕ್ಕೆ ಚೆಲ್ಲಿದ್ದರ ಮೇಲೆ ಬೂದಿ ಅಥವಾ ಮರದ ಹೊಟ್ಟು ಹಾಕಿ ಬಳಿಯಿರಿ.

ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ನಷ್ಟಕ್ಕೂ ಸಲ್ಲುತ್ತದೆ. ಬಿಡುವಿನ ಒಂದು ದಿನ ಟ್ರ್ಯಾಕ್ಟರಿನ ಕೆಳಗೆ ಬಿಳಿ ಕಾಗದ ಹಾಸಿ ನೋಡುವುದರಿಂದ ಪಂಪು ಉಳಿಯುತ್ತದೆ, ಹಂಗಾಮು ತಪ್ಪುವುದಿಲ್ಲ. ಎಲ್ಲಕ್ಕೂ ಹೆಚ್ಚಾಗಿ, ಹೇರು ಹೊತ್ತು ಹೋದವರು ಕ್ಷೇಮವಾಗಿ ಮನೆಗೆ ಮರಳುತ್ತಾರೆ.